ಸೆಪ್ಟೆಂಬರಿನ ಸಸಿ, ಮಾರ್ಚಿನ ನೀರು: ಮಲೆನಾಡಿನ ಒಂದು ಧರ್ಮಕೇಂದ್ರದ ಪ್ರಕರಣ

ಹೊಸನಗರ ತಾಲ್ಲೂಕಿನ ಒಂದು ಕಥೋಲಿಕ ಇಗರ್ಜಿಯ ಹಿಂದೆ ಜಂಬಿಟ್ಟಿಗೆ ಕಲ್ಲಿನ ದಿಬ್ಬವೊಂದಿದೆ. ಮೊದಲು ಅದರ ಮೇಲೆ ಅಕೇಶಿಯಾ ಇತ್ತು. ಕಡಿದು ಮಾರಿದ ದುಡ್ಡಿನಲ್ಲಿ ಇಗರ್ಜಿಯ ಮಾಡು ರಿಪೇರಿಯಾಯಿತು, ದಿಬ್ಬ ಬೋಳಾಯಿತು. ಆಮೇಲೆ ಪ್ರತಿ ವರ್ಷ ಸೆಪ್ಟೆಂಬರಿನ ಮೊದಲ ಭಾನುವಾರ ಪೂಜೆ ಮುಗಿಸಿ ಜನ ದಿಬ್ಬ ಹತ್ತುವುದು ವಾಡಿಕೆಯಾಯಿತು. ಅರಣ್ಯ ಇಲಾಖೆಯ ನರ್ಸರಿಯ ಸಸಿ, ಯುವಕರು ತೋಡಿದ ಗುಂಡಿ, ಫಾದರ್ ಚಿಮುಕಿಸುವ ಪವಿತ್ರ ಜಲ, ಒಂದು ಕೀರ್ತನೆ, ಒಂದು ಫೋಟೊ, ಕೊನೆಗೆ ಅವಲಕ್ಕಿ ಮತ್ತು ಚಾ. ಮಾರ್ಚ್ ಬರುವಷ್ಟರಲ್ಲಿ ಸಸಿಗಳು ಒಣಕಡ್ಡಿ. ಮರುವರ್ಷ ಅದೇ ಗುಂಡಿಗೆ ಬೇರೆ ಸಸಿ. ಹೊಸದಾಗಿ ತೋಡುವ ಕೆಲಸ ಉಳೀತಲ್ಲ ಅಂತ ಹುಡುಗರು ತಮಾಷೆ ಮಾಡುತ್ತಿದ್ದರಂತೆ.

2022ರ ಸೆಪ್ಟೆಂಬರಿನಿಂದ 2025ರ ನವೆಂಬರ್‌ವರೆಗೆ ಆ ದಿಬ್ಬದ ಸುತ್ತ ನಡೆದದ್ದರ ಬರಹ ಇದು. ಊರಿನ ಹೆಸರು, ಜನರ ಹೆಸರು ಬೇಡವೆಂದು ಅವರೇ ಕೇಳಿಕೊಂಡಿದ್ದಾರೆ. ನಾನು ಪಕ್ಕದ ತಾಲ್ಲೂಕಿನವನು. ಅಲ್ಲಿ ನೆಂಟರಿದ್ದಾರೆ, ಹೋಗಿ ಬಂದು ಕೇಳಿದ್ದನ್ನೂ ಕಂಡದ್ದನ್ನೂ ಸೇರಿಸಿದ್ದೇನೆ. ಮರ ಎಷ್ಟು ಉಳಿಯಿತು ಎನ್ನುವುದು ನನ್ನ ಮುಖ್ಯ ಕುತೂಹಲವಲ್ಲ. ಸೃಷ್ಟಿಯನ್ನು ಕಾಯುವುದು ಭಕ್ತಿಯ ಭಾಗ ಎಂದು ಪೀಠದಿಂದ ಹೇಳುವುದು ಸುಲಭ. ಅದು ನಿಜವಾಗಿ ಜನರ ಭಕ್ತಿಯೊಳಗೆ ಇಳಿಯುವಾಗ ಏನು ಅಡ್ಡ ಬರುತ್ತದೆ, ಯಾರು ಮುನಿಸಿಕೊಳ್ಳುತ್ತಾರೆ, ಯಾವುದು ಬಿದ್ದುಹೋಗುತ್ತದೆ, ಯಾವುದು ನಿಲ್ಲುತ್ತದೆ ಎನ್ನುವುದನ್ನು ಇಲ್ಲಿ ಹಂತ ಹಂತವಾಗಿ ನೋಡಬಹುದು.

ಬೇರೆ ಸೀಮೆಯ ದಿನಾಂಕ

ಸೆಪ್ಟೆಂಬರ್ 1 ಆರ್ಥೊಡಾಕ್ಸ್ ಸಭೆಯ ಪೂಜಾವರ್ಷ ಶುರುವಾಗುವ ದಿನ. ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಡಿಮಿಟ್ರಿಯೋಸ್ 1989ರಲ್ಲಿ ಅದನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. 'ಲೌದಾತೊ ಸಿ' ವಿಶ್ವಪತ್ರ ಹೊರಡಿಸಿದ 2015ರಲ್ಲೇ ಪೋಪ್ ಫ್ರಾನ್ಸಿಸ್ ಆ ದಿನವನ್ನು ಕಥೋಲಿಕರಿಗೂ ವಿಸ್ತರಿಸಿದರು. ಅಲ್ಲಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರ ತನಕ ಹಲವು ಸಭೆಗಳವರು ಸೃಷ್ಟಿಯ ಕಾಲ ಎಂದು ಆಚರಿಸುತ್ತಾರೆ. ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಎರಡನೇ ಜಾನ್ ಪೌಲ್ 1979ರಲ್ಲೇ ಘೋಷಿಸಿದ್ದರು.

ದಿನಾಂಕದ ಮೇಲೆ ನನ್ನ ತಕರಾರಿಲ್ಲ. ಹೊಸನಗರದ ಮಳೆಗೆ ಅದು ಹೊಂದುವುದಿಲ್ಲ, ಅಷ್ಟೆ. ಹುಲಿಕಲ್ ಇರುವ ತಾಲ್ಲೂಕು ಇದು, ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಜೂನಿನ ಮೊದಲ ಮಳೆಗೆ ನೆಟ್ಟ ಸಸಿಗೆ ಬೇರು ಇಳಿಸಲು ನಾಲ್ಕು ತಿಂಗಳ ತೇವ ಸಿಗುತ್ತದೆ. ಸೆಪ್ಟೆಂಬರಿನಲ್ಲಿ ನೆಟ್ಟದ್ದು ಬೇರು ಬಿಡುವ ಹೊತ್ತಿಗೆ ಮಳೆ ಹೊರಟುಹೋಗಿರುತ್ತದೆ. ಮೇಲಾಗಿ ಜಂಬಿಟ್ಟಿಗೆಯ ನೆಲ. ಮೇಲ್ಮಣ್ಣು ಗೇಣುದ್ದವೂ ಇಲ್ಲ, ಬಿದ್ದ ನೀರು ನಿಲ್ಲದೆ ಹಳ್ಳಕ್ಕೆ ಓಡುತ್ತದೆ, ಸಂಕ್ರಾಂತಿ ಕಳೆದರೆ ಬರಿಗಾಲಲ್ಲಿ ನಿಲ್ಲುವ ಹಾಗಿಲ್ಲ.

ಮೊಂತಿ ಹಬ್ಬದಲ್ಲೂ ಇದೇ ತೊಡಕು ಇದೆ. ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನ, ಹೊಸ ತೆನೆ ಆಶೀರ್ವದಿಸಿ ಮನೆಗೆ ಕೊಂಡೊಯ್ಯುವ ಪದ್ಧತಿಯನ್ನು ಕೊಂಕಣಿ ಕಥೋಲಿಕರು ಕರಾವಳಿಯಿಂದ ತಂದದ್ದು. ಅಲ್ಲಿ ಆ ಹೊತ್ತಿಗೆ ಭತ್ತ ತೆನೆ ಕಟ್ಟಿರುತ್ತದೆ. ಘಟ್ಟದ ಮೇಲೆ ನಾಟಿ ತಡ. ಪೈರಿಗೆ ಬಸುರಿ ಬಯಕೆ ಬಡಿಸುವ ಭೂಮಿ ಹುಣ್ಣಿಮೆಯೇ ಬರುವುದು ಅದಾಗಿ ಎಷ್ಟೋ ದಿನಕ್ಕೆ. ಈ ಇಗರ್ಜಿಗೆ ತೆನೆ ಕುಂದಾಪುರದ ಕಡೆಯಿಂದ ಬಸ್ಸಿನಲ್ಲಿ ಬರುತ್ತದೆ. ಅದಕ್ಕೆ ಯಾರಿಗೂ ಬೇಸರವಿಲ್ಲ, ಹಬ್ಬ ಚೆನ್ನಾಗಿಯೇ ನಡೆಯುತ್ತದೆ. ತೆನೆಯನ್ನಾದರೆ ಬಸ್ಸಿನಲ್ಲಿ ತರಿಸಬಹುದು, ಮಳೆಯನ್ನು ತರಿಸಲು ಆಗುವುದಿಲ್ಲ.

2022ರ ಆಗಸ್ಟ್ ಕೊನೆಯಲ್ಲಿ ಇಗರ್ಜಿಯ ಆಡಳಿತ ನೋಡಿಕೊಳ್ಳುವ ಪಾಲನಾ ಮಂಡಳಿ ಸಭೆ ಸೇರಿತು. ಸಸಿ ಎಷ್ಟು ತರಿಸುವುದು ಎಂಬ ಮಾತು ಬಂದಾಗ ಸಣ್ಣದೊಂದು ಅಡಿಕೆ ತೋಟವನ್ನು ಒಬ್ಬರೇ ನೋಡಿಕೊಳ್ಳುವ, ಎಲ್ಲರೂ ಬಾಯಮ್ಮ ಎನ್ನುವ ಹಿರಿಯ ಹೆಂಗಸು ಎದ್ದು ಹೇಳಿದರು: "ಫಾದರ್, ನೆಡಾಕೆ ಎಲ್ಲರೂ ಬರ್ತಾರೆ. ಮಾರ್ಚಲ್ಲಿ ಕೊಡ ಹೊರೋರು ಯಾರು ಅಂತ ಮೊದ್ಲು ಬರೀರಿ. ಆ ಹೆಸರು ಇಲ್ದಿದ್ರೆ ಈ ವರ್ಷ ಸಸಿ ತರ್ಸೋದೇ ಬ್ಯಾಡ." ಯಾರೂ ಹೆಸರು ಕೊಡಲಿಲ್ಲ. ಆ ವರ್ಷ ಸಸಿ ಬರಲಿಲ್ಲ, ಫೋಟೊವೂ ಇಲ್ಲ. ಸೃಷ್ಟಿಯ ಕಾಲದ ಪ್ರಾರ್ಥನೆ ಮಾತ್ರ ಓದಿದರು. ಇದನ್ನು ಸೋಲು ಎಂದು ಭಾವಿಸಿದವರು ಮಂಡಳಿಯಲ್ಲಿ ಇದ್ದರು. ಆ ದಿಬ್ಬದ ಮಟ್ಟಿಗೆ ಅವರು ತೆಗೆದುಕೊಂಡ ಮೊದಲ ಸರಿಯಾದ ತೀರ್ಮಾನ ಅದು ಎಂದು ನನ್ನ ಎಣಿಕೆ.

ಶಿಲುಬೆ ಹಾದಿಯಲ್ಲಿ ಕೊಡ

ಆಗ ಇದ್ದ ಫಾದರ್ ಚಿತ್ರದುರ್ಗದ ಕಡೆಯವರು. ಶಿವಮೊಗ್ಗ ಧರ್ಮಕ್ಷೇತ್ರ (ಬಿಷಪ್ ಒಬ್ಬರ ಆಡಳಿತದ ಸೀಮೆ) 1988ರಲ್ಲಿ ಸ್ಥಾಪನೆಯಾದಾಗಿನಿಂದ ಮಲೆನಾಡಿನ ಇಗರ್ಜಿಗಳಿಗೆ ಬಯಲುಸೀಮೆಯ ಗುರುಗಳು ಬರುವುದು ಹೊಸದೇನಲ್ಲ. ನೀರು ಹೊರುವುದು ಏನೆಂದು ಅವರಿಗೆ ಗೊತ್ತಿತ್ತು. ಬಾಯಮ್ಮನ ಪ್ರಶ್ನೆಯಲ್ಲಿದ್ದ ತಿಂಗಳು ಅವರ ಕಿವಿಗೆ ಬಿದ್ದಿತ್ತು. ಮಾರ್ಚ್ ಎಂದರೆ ತಪಸ್ಸುಕಾಲ. ವಿಭೂತಿ ಬುಧವಾರ ಫೆಬ್ರುವರಿಯಲ್ಲೋ ಮಾರ್ಚ್ ಆರಂಭದಲ್ಲೋ ಬರುತ್ತದೆ. ಅಲ್ಲಿಂದ ಪಾಸ್ಕ (ಈಸ್ಟರ್) ಹಬ್ಬದವರೆಗೆ ಜನ ಒಪ್ಪತ್ತು ಮಾಡುತ್ತಾರೆ, ಮಾಂಸ ಬಿಡುತ್ತಾರೆ, ಶುಕ್ರವಾರ ಸಂಜೆ ಶಿಲುಬೆ ಹಾದಿ ನಡೆಯುತ್ತಾರೆ, ಅಂದರೆ ಯೇಸು ಶಿಲುಬೆ ಹೊತ್ತ ದಾರಿಯನ್ನು ಹದಿನಾಲ್ಕು ಕಡೆ ನಿಂತು ಪ್ರಾರ್ಥಿಸುತ್ತಾ ನೆನೆಯುತ್ತಾರೆ. ಮಲೆನಾಡಿನ ನೆಲವೂ ಒಣಗಿ ಬಾಯಿ ಬಿಡುವುದು ಅದೇ ವಾರಗಳಲ್ಲಿ. ಜನ ಹೇಗೂ ಏನನ್ನಾದರೂ ತ್ಯಾಗ ಮಾಡಬೇಕೆಂದು ಹೊರಟಿರುವ ಹೊತ್ತು, ನೆಲಕ್ಕೆ ಹೇಗೂ ನೀರು ಬೇಕಾದ ಹೊತ್ತು, ಎರಡೂ ಒಂದೇ.

2023ರಲ್ಲಿ ವಿಭೂತಿ ಬುಧವಾರ ಫೆಬ್ರುವರಿ 22ಕ್ಕೆ ಬಿತ್ತು. ಅದರ ಮಾರನೆಯ ಶುಕ್ರ ಶನಿವಾರಗಳ ಪೂಜೆಯಲ್ಲಿ ಯೆಶಾಯನ 58ನೇ ಅಧ್ಯಾಯ ಓದುವ ಕ್ರಮವಿದೆ. ತಲೆ ಬಾಗಿಸಿ ಗೋಣಿತಟ್ಟು ಹಾಸಿಕೊಂಡರೆ ಉಪವಾಸವಾಯಿತೇ, ಹಸಿದವನಿಗೆ ಅನ್ನ ಹಂಚುವುದಲ್ಲವೇ ನಾನು ಬಯಸುವ ಉಪವಾಸ ಎಂದು ದೇವರು ಕೇಳುವ ಭಾಗ ಅದು. ಅದೇ ಅಧ್ಯಾಯದ 11ನೇ ವಚನ ಹಾಗೆ ನಡೆದವನನ್ನು ನೀರುಂಡ ತೋಟಕ್ಕೆ ಹೋಲಿಸುತ್ತದೆ. ಫಾದರ್ ಪ್ರಸಂಗವನ್ನು ಉದ್ದ ಮಾಡಲಿಲ್ಲ. ಈ ಬಾರಿ ಶಿಲುಬೆ ಹಾದಿ ಇಗರ್ಜಿಯ ಒಳಗೆ ಬೇಡ, ದಿಬ್ಬದ ಮೇಲೆ ನಡೆಸೋಣ, ಬರುವಾಗ ಮನೆಗೊಂದು ಕೊಡ ನೀರು ತನ್ನಿ ಎಂದರು.

ನೀರು ಹಾಕುವುದು ಯಾವುದಕ್ಕೆ? ಸಸಿಯನ್ನೇ ನೆಟ್ಟಿರಲಿಲ್ಲವಲ್ಲ. ದಾರಿ ತೋರಿಸಿದವರು ಮತ್ತೆ ಆ ಬಾಯಮ್ಮನೇ. ಅಕೇಶಿಯಾ ಕಡಿದ ಮೇಲೆ ದಿಬ್ಬದಲ್ಲಿ ತಾವಾಗಿ ಎದ್ದ ಗಿಡಗಳಿದ್ದವು. ಹಕ್ಕಿ ಉದುರಿಸಿದ ನೇರಳೆ, ಕುಂಟುನೇರಳೆ, ಹಳೆಯ ಬುಡದಿಂದ ಚಿಗುರಿದ ಕೌಲು, ಹೊನ್ನೆ, ಮತ್ತಿ, ಅಲ್ಲೊಂದು ಇಲ್ಲೊಂದು ನೆಲ್ಲಿ. ವರ್ಷವರ್ಷ ಕಾರ್ಯಕ್ರಮದ ಮುಂಚೆ ಜಾಗ ಚೊಕ್ಕ ಮಾಡುತ್ತೇವೆಂದು ಹುಡುಗರು ಇವನ್ನೇ ಕತ್ತಿಯಲ್ಲಿ ಸವರಿಬಿಡುತ್ತಿದ್ದರು. ತಾವಾಗಿ ಬಂದವನ್ನು ಗುರುತಿಸಿ ಕೋಲು ನೆಟ್ಟು, ಬುಡಕ್ಕೆ ಅರ್ಧಚಂದ್ರದ ಸಣ್ಣ ಒಡ್ಡು ಕಟ್ಟುವುದೇ ಮೊದಲ ಎರಡು ಶುಕ್ರವಾರದ ಕೆಲಸವಾಯಿತು. ಜೊತೆಗೆ ಅಕೇಶಿಯಾದ ಮರಿಗಳನ್ನು ಕೀಳುವುದು. ಬೀಜ ನೆಲದಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ, ಮೇಲಿನ ನೆರಳು ಹೋದದ್ದೇ ಹುಟ್ಟಿಕೊಳ್ಳುತ್ತದೆ. ಮಲೆನಾಡಿನಲ್ಲಿ ಅಕೇಶಿಯಾ ಬೇಡವೆಂದು ಚಳವಳಿ ನಡೆದದ್ದು ಎಲ್ಲರಿಗೂ ಗೊತ್ತು. ಅದು ಹೋದ ಜಾಗದಲ್ಲೂ ಅದರೊಡನೆ ಗುದ್ದಾಡಬೇಕೆನ್ನುವುದು ಗೊತ್ತಾಗುವುದು ಕೈಯಲ್ಲಿ ಕಿತ್ತಾಗಲೇ.

ಹದಿನಾಲ್ಕು ನಿಲುಗಡೆಗಳನ್ನು ವಾರ್ಡುಗಳಿಗೆ, ಅಂದರೆ ಧರ್ಮಕೇಂದ್ರದ ಮನೆಗಳ ಗುಂಪುಗಳಿಗೆ, ಹಂಚಿದರು. ಆ ನಿಲುಗಡೆಯ ಸುತ್ತಲಿನ ಗಿಡಗಳು ಆ ವಾರ್ಡಿನ ಜವಾಬ್ದಾರಿ.

ವಿರೋಧವೂ ಮೊದಲ ವಾರವೇ ಬಂತು. ಮೂವತ್ತು ವರ್ಷಕ್ಕೂ ಮೇಲೆ ಧರ್ಮೋಪದೇಶ ಕಲಿಸಿದ ನಿವೃತ್ತ ಮಾಸ್ತರರೊಬ್ಬರು ಪೂಜೆಯ ನಂತರ ಫಾದರನ್ನು ನಿಲ್ಲಿಸಿ ಹೇಳಿದರು: "ಸ್ವಾಮಿಯವರೇ, ಯೇಸುಸ್ವಾಮಿ ಶಿಲುಬೆ ಹೊತ್ತು ಬೀಳುವ ಜಾಗದಲ್ಲಿ ನಾವು ಮಂಡಿಯೂರಬೇಕು. ಅಲ್ಲಿ ಕೊಡ ಠಣ್ ಅಂತ ಇಡ್ತಾ, ನನ್ನ ಗಿಡ ನಿನ್ನ ಗಿಡ ಅಂತ ಮಾತಾಡ್ತಾ ಇದ್ರೆ ಅದಕ್ಕೆ ಶಿಲುಬೆ ಹಾದಿ ಅನ್ನಬ್ಯಾಡಿ." ಪರಿಸರದ ಬಗ್ಗೆ ಬರೆಯುವವರು ಇಂಥ ಮಾತನ್ನು ಹಳೆ ಕಾಲದ್ದೆಂದು ಬದಿಗಿಡುವುದು ಹೆಚ್ಚು. ನನಗೆ ಮಾಸ್ತರರ ಮಾತು ಪೂರಾ ಸರಿ ಎನಿಸುತ್ತದೆ. ಪ್ರಾರ್ಥನೆಯನ್ನು ಗಿಡ ಬೆಳೆಸುವ ಉಪಾಯ ಮಾಡಿಕೊಂಡರೆ ಪ್ರಾರ್ಥನೆ ಹೋಗುತ್ತದೆ. ಅದು ಹೋದ ಮರುವರ್ಷ ಗಿಡವೂ ಹೋಗುತ್ತದೆ, ಏಕೆಂದರೆ ಜನ ದಿಬ್ಬ ಹತ್ತುತ್ತಿದ್ದದ್ದು ಗಿಡಕ್ಕಾಗಿ ಅಲ್ಲ. ಫಾದರ್ ಕ್ರಮ ಬದಲಿಸಿದರು. ಐದು ಗಂಟೆಗೆ ನೀರು, ಮಾತಾಡಿಕೊಂಡೇ ಹಾಕಲಿ. ಕೊಡಗಳನ್ನೆಲ್ಲ ಕೆಳಗೆ ಬಿಟ್ಟು ಆರಕ್ಕೆ ಶಿಲುಬೆ ಹಾದಿ, ಆಗ ಮಾತಿಲ್ಲ. ಮಾಸ್ತರರು ಐದು ಗಂಟೆಗೆ ಬರಲಿಲ್ಲ, ಆರಕ್ಕೆ ತಪ್ಪಲಿಲ್ಲ. ಅದು ಹಾಗೆಯೇ ಮುಂದುವರಿಯಿತು, ಯಾರೂ ಅವರನ್ನು ಒತ್ತಾಯಿಸಲಿಲ್ಲ.

ಆ ವರ್ಷದ ಪಾಸ್ಕ ಏಪ್ರಿಲ್ 9ಕ್ಕೆ. ಅಲ್ಲಿಯವರೆಗೆ ಗಿಡಗಳು ಹಸಿರಾಗಿದ್ದವು. ಹಬ್ಬವಾಯಿತು, ಬಿರಿಯಾನಿಯಾಯಿತು, ಮದುವೆ ಸೀಸನ್ ಬಂತು, ಕೊಡ ನಿಂತಿತು. ಹೊಸನಗರದಲ್ಲಿ ಬಿಸಿಲು ಏರುವುದು ಆಮೇಲೆಯೇ. ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ತಪಸ್ಸುಕಾಲ ದಾಟಿದ ಗಿಡಗಳಲ್ಲಿ ಹೆಚ್ಚಿನವು ಪಾಸ್ಕ ಕಾಲದಲ್ಲಿ ಸತ್ತವು.

ಇದು ಅವರನ್ನು ಚುಚ್ಚಿತು. ಪುನರುತ್ಥಾನದ ಬೆಳಿಗ್ಗೆ ಮಗ್ದಲದ ಮರಿಯಳು ಯೇಸುವನ್ನು ತೋಟಗಾರನೆಂದು ಭಾವಿಸಿ ಮಾತಾಡಿಸಿದಳೆಂದು ಯೊವಾನ್ನರ ಶುಭಸಂದೇಶ ಹೇಳುತ್ತದೆ. ಆ ಭಾಗವನ್ನು ಪಾಸ್ಕ ವಾರದಲ್ಲಿ ಓದಿ ಮುಗಿಸಿ ಜನ ತೋಟ ಬಿಟ್ಟು ಮನೆಗೆ ಹೋಗಿದ್ದರು. ಮರುವರ್ಷದಿಂದ ಹೊರೆ ಪೆಂತೆಕೋಸ್ತ್ ಹಬ್ಬದವರೆಗೆ, ಅಂದರೆ ಪಾಸ್ಕದ ನಂತರದ ಐವತ್ತು ದಿನಗಳಿಗೂ ಎಂದಾಯಿತು. ಆ ಅವಧಿಗೆ ಹಳೆಯದೊಂದು ಪದ್ಧತಿಯೂ ಒದಗಿತು. ಸ್ವರ್ಗಾರೋಹಣ ಹಬ್ಬಕ್ಕೆ ಮುಂಚಿನ ಮೂರು ದಿನ ಸಂತರ ಸ್ತುತಿಮಾಲೆ ಹೇಳುತ್ತಾ ಹೊಲಗದ್ದೆ ಸುತ್ತಿ ಬೆಳೆಗಾಗಿ ಬೇಡುವ ರೊಗೇಶನ್ ದಿನಗಳು ಕಥೋಲಿಕ ಸಭೆಯಲ್ಲಿದ್ದವು. ಐದನೇ ಶತಮಾನದಲ್ಲಿ ಗಾಲ್ ದೇಶದ (ಇಂದಿನ ಫ್ರಾನ್ಸ್) ವಿಯೆನ್ ಪಟ್ಟಣದ ಬಿಷಪ್ ಮಾಮೆರ್ಟಸ್ ಶುರುಮಾಡಿದ್ದು. 1969ರ ಸುಧಾರಣೆಯಲ್ಲಿ ಅದು ಎಲ್ಲರಿಗೂ ಕಡ್ಡಾಯದ ಪಂಚಾಂಗದಿಂದ ಹೊರಬಿತ್ತು, ಹೇಗೆ ಆಚರಿಸಬೇಕೆನ್ನುವುದನ್ನು ಆಯಾ ದೇಶದ ಧರ್ಮಾಧ್ಯಕ್ಷರಿಗೆ ಬಿಟ್ಟರು. ಹಳಬರಲ್ಲಿ ಕೆಲವರಿಗೆ ಗದ್ದೆಯ ಬದುವಿನಲ್ಲಿ ಶಿಲುಬೆ ಹಿಡಿದು ನಡೆದ ನೆನಪಿತ್ತು. ಮೇ ತಿಂಗಳ ಆ ನಡಿಗೆಯನ್ನು ಮತ್ತೆ ಶುರುಮಾಡಿದಾಗ ಮೊದಲು ಬಂದು ಸ್ತುತಿಮಾಲೆ ಹಿಡಿದವರು ಮಾಸ್ತರರು.

ಮಾಂಸ ಬಿಟ್ಟವರ ಮೀನು

ಯಾರೂ ಯೋಜಿಸದೆ ಎದ್ದ ವಿಷಯವೊಂದಿದೆ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ತೂಕದ್ದು ಅದೇ.

ತಪಸ್ಸುಕಾಲದ ಶುಕ್ರವಾರ ಮಾಂಸ ವರ್ಜ್ಯ, ಮೀನಿಗೆ ಅಡ್ಡಿಯಿಲ್ಲ. ಹಾಗಾಗಿ ಆ ವಾರಗಳಲ್ಲಿ ಹುಲಿಕಲ್ ಘಾಟಿ ಹತ್ತಿ ಬರುವ ಮೀನಿನ ಗಾಡಿಗೆ ಗಿರಾಕಿ ಹೆಚ್ಚು, ದರವೂ ಹೆಚ್ಚು. ದುಡ್ಡು ಕೊಡಲಾರದ ಮನೆಯ ಹುಡುಗರು ಹಳ್ಳಕ್ಕೆ ಇಳಿಯುತ್ತಾರೆ. ಮಾರ್ಚಿನಲ್ಲಿ ಹಳ್ಳದ ಹರಿವು ನಿಂತು ನೀರು ಗುಂಡಿ ಗುಂಡಿಯಾಗಿ ಉಳಿದಿರುತ್ತದೆ. ಇಡೀ ಹಳ್ಳದ ಮೀನು ಬಂದು ಸೇರಿಕೊಳ್ಳುವುದು ಆ ಕೆಲವೇ ಗುಂಡಿಗಳಲ್ಲಿ. ಗಾಳ ಹಾಕಿ ಕೂರುವಷ್ಟು ತಾಳ್ಮೆ ಯಾರಿಗಿದೆ? ಬ್ಲೀಚಿಂಗ್ ಪೌಡರ್ ಕದಡಿದರೆ ಮೀನು ತೇಲುತ್ತದೆ. ಮೀನಿನ ಜೊತೆಗೆ ಮರಿ, ಏಡಿ, ಗೊದಮೊಟ್ಟೆ, ನೀರು ಕುಡಿಯಲು ಬಂದ ಜೀವ, ಯಾವುದೂ ಉಳಿಯುವುದಿಲ್ಲ. ನೀರಿಗೆ ವಿಷ ಹಾಕುವುದು, ತೋಟೆ ಸಿಡಿಸುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೂ ಅಪರಾಧ. ಹಳ್ಳದ ಬದಿಗೆ ಯಾವ ಕಾಯ್ದೆಯೂ ಇಳಿದು ಬಂದದ್ದನ್ನು ಯಾರೂ ಕಂಡಿಲ್ಲ.

2023ರ ಮಾರ್ಚಿನ ಒಂದು ಶುಕ್ರವಾರ ದಿಬ್ಬಕ್ಕೆ ನೀರು ಎತ್ತಲು ಹಳ್ಳಕ್ಕೆ ಇಳಿದ ಹೆಂಗಸರು ಬಿಳಿ ಹೊಟ್ಟೆ ಮೇಲಾಗಿ ತೇಲುವ ಮೀನು ಕಂಡರು. ಯಾರ ಮನೆ ಹುಡುಗರ ಕೆಲಸವೆಂದು ಎಲ್ಲರಿಗೂ ಗೊತ್ತಿತ್ತು. ಅವರ ಮನೆಯಲ್ಲಿ ಆ ದಿನ ವ್ರತ. ಕೋಳಿ ಮುಟ್ಟದೆ ಪುಣ್ಯ ಕಟ್ಟಿಕೊಳ್ಳಲು ಒಂದು ಹಳ್ಳವನ್ನೇ ಕೊಂದಿದ್ದರು. ಫಾದರ್ ಪೀಠದಿಂದ ಬೈಯಲಿಲ್ಲ. ಆ ಹುಡುಗರನ್ನು ಕರೆದು ಮಾತಾಡಿದಾಗ ಒಬ್ಬ ಕೇಳಿದನಂತೆ: "ಫಾದರ್, ಮೀನು ತಿನ್ಬೌದು ಅಂತ ನೀವೇ ಹೇಳ್ತೀರಿ. ಗಾಡಿ ಮೀನು ತಗಳಾಕೆ ದುಡ್ಡು ಎಲ್ಲಿಂದ ತರೋದು?" ಪ್ರಶ್ನೆಯಲ್ಲಿ ಹುರುಳಿತ್ತು. ಮೀನು ವ್ರತದ ಊಟವೆಂದರೆ ದುಡ್ಡಿದ್ದವರಿಗೆ ಕಡಲಿನ ಬಂಗಡೆ, ಇಲ್ಲದವರಿಗೆ ಹಳ್ಳದ ಕೊನೆಯ ಗುಂಡಿ ಎಂದಾಗುವುದಾದರೆ ವ್ರತದ ನಿಯಮವನ್ನೇ ಒಮ್ಮೆ ತಿರುಗಿ ನೋಡಬೇಕು.

ಮರುವರ್ಷ ಮಂಡಳಿ ಒಂದು ಮಾತು ಕಟ್ಟಿಕೊಂಡಿತು: ವಿಭೂತಿ ಬುಧವಾರದಿಂದ ಹಳ್ಳ ಮತ್ತೆ ಹರಿಯುವವರೆಗೆ, ಇಗರ್ಜಿ ಜಾಗದ ಅಂಚಿನ ಗುಂಡಿಗಳಲ್ಲಿ ತಮ್ಮ ಮನೆಗಳವರು ಮೀನು ಹಿಡಿಯುವುದಿಲ್ಲ. ಶುಕ್ರವಾರ ಸಂಜೆ ಶಿಲುಬೆ ಹಾದಿ ಮುಗಿದ ಮೇಲೆ ಎಲ್ಲರಿಗೂ ಇಗರ್ಜಿಯಲ್ಲೇ ಗಂಜಿ ಮತ್ತು ಹುರುಳಿ ಚಟ್ನಿ. ಉಳ್ಳವರ ಮನೆಯ ಮೀನಿಗೆ ತಡೆಯಿಲ್ಲ, ಆದರೆ ಗಂಜಿಗೆ ಅವರೂ ಕೂರುತ್ತಾರೆ. ಹಳ್ಳ ಇಗರ್ಜಿಯದ್ದಲ್ಲ, ಊರಿನದ್ದು. ಆದ್ದರಿಂದ ಊರಿನ ದೇವಸ್ಥಾನದ ಸಮಿತಿಯವರಿಗೆ ವಿಷಯ ತಿಳಿಸಲು ಇಬ್ಬರು ಹೋದರು. ಅಲ್ಲಿನ ಹಿರಿಯರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ತೀರ್ಥಹಳ್ಳಿ ಬಳಿಯ ಛಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನನ್ನು ದೇವರ ಮೀನೆಂದು ಯಾರೂ ಮುಟ್ಟುವುದಿಲ್ಲ, ಶೃಂಗೇರಿಯ ಘಟ್ಟದಲ್ಲೂ ಹಾಗೇ. "ನಿಮ್ಮ ಹುಡುಗ್ರು ಬಿಟ್ರೆ ನಮ್ಮ ಹುಡುಗ್ರನ್ನ ನಾವು ನೋಡ್ಕಳ್ತೀವಿ ಬಿಡಿ" ಎಂದರಂತೆ. ಮೊದಲ ಮಳೆಗೆ ಹಳ್ಳ ಏರುವ ಹತ್ತುಮೀನಿಗೆ ಕೂಣಿ (ಮೀನು ಹಿಡಿಯುವ ಸಾಧನ) ಹಾಕುವ ಮಾತು ಬಂದಾಗ ಮಾತ್ರ ಎರಡೂ ಕಡೆಯವರು ಸುಮ್ಮನಾದರು. ಅದು ಮಲೆನಾಡಿನವರ ನಾಲಗೆಯ ವಿಷಯ. ಮೊಟ್ಟೆ ಹೊತ್ತು ಬರುವ ಮೀನು ಅದು ಎಂದು ಗೊತ್ತಿದ್ದೂ ಬಿಡುವವರು ಕಡಿಮೆ. ಆ ಒಪ್ಪಂದ ಇಂದಿಗೂ ಆಗಿಲ್ಲ.

ಬರದ ವರ್ಷ

2023ರ ಮುಂಗಾರು ಕೈಕೊಟ್ಟಿತು. ಆ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. 2024ರಲ್ಲಿ ವಿಭೂತಿ ಬುಧವಾರ ಫೆಬ್ರುವರಿ 14ಕ್ಕೆ ಬಂದಾಗ ಊರಿನ ಬಾವಿಗಳ ತಳ ಕಾಣುತ್ತಿತ್ತು. ಮನುಷ್ಯರಿಗೆ ನೀರಿಲ್ಲದಾಗ ಗಿಡಕ್ಕೆ ಹೊರುವುದೇ? ಟ್ಯಾಂಕರ್ ತರಿಸೋಣ, ಚಂದಾ ಎತ್ತೋಣ ಎಂದು ಯುವಕರು. ಫಾದರಿಗೂ ಆ ಕಡೆ ಒಲವಿತ್ತಂತೆ. ಬೇಡವೆಂದವರು ಹೆಂಗಸರು. ಟ್ಯಾಂಕರಿನ ನೀರೂ ಇನ್ನೊಬ್ಬರ ಬಾವಿಯದ್ದೇ. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಕೈಕಾಲು ತೊಳೆದ ನೀರು, ಅಷ್ಟನ್ನೇ ತನ್ನಿ. ಎಷ್ಟು ಉಳಿಯುತ್ತದೋ ಅಷ್ಟು ಗಿಡ. ಕುಂಬಾರರಿಂದ ತಂದ ಸಣ್ಣ ಮಡಕೆಗಳನ್ನು ಬುಡದ ಪಕ್ಕ ಕುತ್ತಿಗೆಯವರೆಗೆ ಹೂತು ಅದಕ್ಕೆ ನೀರು ತುಂಬಿದರು. ಮಡಕೆ ಜಿನುಗಿದಷ್ಟೇ ಬೇರಿಗೆ, ಬಿಸಿಲಿಗೆ ಹಾರುವುದಿಲ್ಲ. ಯಾವ ಗಿಡಕ್ಕೆ ಹಾಕುವುದು, ಯಾವುದನ್ನು ಬಿಡುವುದು ಎಂದು ಪ್ರತಿ ವಾರ್ಡೂ ತೀರ್ಮಾನಿಸಬೇಕಾಯಿತು. ಹೊನ್ನೆಗೂ ಮತ್ತಿಗೂ ಬಿಸಿಲು ತಡೆಯುವ ಶಕ್ತಿಯಿದೆ ಎಂದು ಅವನ್ನು ಬಿಟ್ಟು ಹಿಂದಿನ ಜೂನಿನಲ್ಲಿ ನೆಟ್ಟ ಹಲಸು, ಮುರುಗಲು ಸಸಿಗಳಿಗೆ ಕೊಟ್ಟರು. ಹಲಸು ಬದುಕಿತು, ಮುರುಗಲು ಹೋಯಿತು. ಆ ಬೋಳು ಕಲ್ಲಿನ ಮೇಲೆ ಮುರುಗಲು ನೆಡಬಾರದಿತ್ತು ಎಂದು ಬಾಯಮ್ಮ ಮೊದಲೇ ಹೇಳಿದ್ದರು.

ಅದೇ ತಿಂಗಳುಗಳಲ್ಲಿ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಇದು, 2019ರಲ್ಲಿ ಸಾಗರದ ಅರಳಗೋಡನ್ನು ಅಲುಗಾಡಿಸಿದ್ದು ನೆನಪಿದ್ದೇ ಇದೆ. ಉಣುಗು (ಉಣ್ಣೆ) ಕಚ್ಚಿ ಬರುತ್ತದೆ, ಡಿಸೆಂಬರಿನಿಂದ ಮೇ ತನಕ ಜೋರು. 2024ರ ಆರಂಭದಲ್ಲಿ ಜಿಲ್ಲೆಯಲ್ಲಿ ಮತ್ತೆ ಸಾವಿನ ಸುದ್ದಿ ಬಂತು. ಗಿಡದ ಬುಡಕ್ಕೆ ಮುಚ್ಚಲು ಪಕ್ಕದ ಸೊಪ್ಪಿನ ಬೆಟ್ಟದಿಂದ ದರಗು (ಉದುರಿದ ಒಣ ಎಲೆ) ಗುಡಿಸಿ ತರುತ್ತಿದ್ದವರಿಗೆ ಆಶಾ ಕಾರ್ಯಕರ್ತೆ ಬಂದು ನಿಲ್ಲಿಸಿ ಎಂದರು. ನಿಲ್ಲಿಸಿದರು. ಈಗ ದರಗನ್ನು ನವೆಂಬರಿನಲ್ಲೇ ತಂದು ಒಟ್ಟುತ್ತಾರೆ, ದಿಬ್ಬಕ್ಕೆ ಹೋಗುವವರು ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚುತ್ತಾರೆ, ಚಿಕ್ಕ ಮಕ್ಕಳ ಶಿಲುಬೆ ಹಾದಿ ಇಗರ್ಜಿಯ ಒಳಗೇ. ಸೃಷ್ಟಿಯನ್ನು ಪ್ರೀತಿಸಿ ಎಂದು ಹೇಳುವವರು ಮಲೆನಾಡಿನಲ್ಲಿ ಉಣುಗಿನ ಬಗ್ಗೆಯೂ ಒಂದು ಮಾತು ಹೇಳಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಿಲುಗಡೆಗಳಿಗೆ ಕಾಂಕ್ರೀಟಿನ ಶಿಲುಬೆ ನಿಲ್ಲಿಸುವ ಯೋಚನೆ ಇತ್ತು. ದಿಬ್ಬದ ಮೇಲ್ತುದಿಗೆ ಊರಿನವರ ದೇವತೆ ಚೌಡಿಯ ಕಟ್ಟೆಯಿದೆ. ಶಿಲುಬೆ ನೆಟ್ಟು ಬೆಟ್ಟ ಹಿಡಿಯುತ್ತಾರೆ ಎಂಬ ಮಾತು ಅಂಗಡಿ ಬಾಗಿಲಲ್ಲಿ ಹುಟ್ಟಿತು. ಕಾಂಕ್ರೀಟು ಕೈಬಿಟ್ಟು, ಗಡಿಯೊಳಗೆ ಅಂಕಿ ಕೆತ್ತಿದ ಜಂಬಿಟ್ಟಿಗೆ ಕಲ್ಲು ಇಟ್ಟರು. ಪ್ರಾರ್ಥನೆಯ ಹೊತ್ತಿಗೆ ಮರದ ಶಿಲುಬೆಯೊಂದನ್ನು ಹೊತ್ತು ತಂದು ಹೊತ್ತು ಒಯ್ಯುತ್ತಾರೆ. ಕಟ್ಟೆಯ ಮರದ ಕೆಳಗಿನ ಹತ್ತು ಮಾರು ಜಾಗಕ್ಕೆ ಇವರು ಕೈಹಾಕುವುದಿಲ್ಲ. ಇತ್ತ ಇಗರ್ಜಿಯೊಳಗೂ, ಇದೆಲ್ಲ ಮರಪೂಜೆಯ ಹಾಗಾಗಲಿಲ್ಲವೇ ಎಂದು ಕೆಲವರು ಕೇಳಿದರು. ಮರ ದೇವರಲ್ಲ, ದೇವರದ್ದು ಎಂದು ಮಾಸ್ತರರೇ ಉತ್ತರ ಕೊಟ್ಟರಂತೆ. ಐದು ಗಂಟೆಗೆ ಬಾರದವರು ಹೇಳಿದ್ದರಿಂದ ಆ ಮಾತಿಗೆ ಬೆಲೆ ಬಂತು.

ಪಾಪನಿವೇದನೆಯ ಚೀಟಿ

ಪಾಸ್ಕ ಮುಂಚಿನ ಪಾಪನಿವೇದನೆಗೆ ಜನ ಸಿದ್ಧವಾಗಲೆಂದು ಆತ್ಮಶೋಧನೆಯ ಚೀಟಿ ಹಂಚುವ ರೂಢಿಯಿದೆ. 2024ರ ಚೀಟಿಗೆ ಫಾದರ್ ನಾಲ್ಕು ಪ್ರಶ್ನೆ ಸೇರಿಸಿದರು. ನೀರಿಗೆ ವಿಷ ಹಾಕಿದ್ದೇನೆಯೇ? ಹಸಿ ಹುಲ್ಲು ಬರಲೆಂದು ಬೆಟ್ಟಕ್ಕೆ ಬೆಂಕಿ ಕೊಟ್ಟಿದ್ದೇನೆಯೇ? ಹಳ್ಳದ ದಂಡೆಯಲ್ಲಿ ಹುಲ್ಲು ಸಾಯುವ ಔಷಧಿ ಹೊಡೆದಿದ್ದೇನೆಯೇ, ಇಲ್ಲವೇ ಕೂಲಿಯವರಿಂದ ಹೊಡೆಸಿದ್ದೇನೆಯೇ? ಪ್ಲಾಸ್ಟಿಕ್ಕನ್ನು ಒಲೆಗೆ ಹಾಕಿದ್ದೇನೆಯೇ? 'ಲೌದಾತೊ ಸಿ'ಯ 217 ಮತ್ತು 218ನೇ ಪರಿಚ್ಛೇದಗಳು ಇದನ್ನೇ ಹೇಳುತ್ತವೆ. ದೇವರ ಕೈಕೆಲಸವನ್ನು ಕಾಯುವುದು ಕ್ರೈಸ್ತ ಬದುಕಿಗೆ ಬೇಕಿದ್ದರೆ ಸೇರಿಸಿಕೊಳ್ಳುವ ವಿಷಯವಲ್ಲ, ಅಲ್ಲಿ ಮಾಡಿದ ತಪ್ಪಿಗೂ ಪಶ್ಚಾತ್ತಾಪ ಬೇಕು.

ಕಾಗದದ ಮೇಲೆ ಓದಿದಾಗ ಯಾರೂ ಬೇಡವೆನ್ನುವುದಿಲ್ಲ. ಚೀಟಿಯಲ್ಲಿ ಬಂದಾಗ ಗದ್ದಲವಾಯಿತು. ಮೂರನೆಯ ಪ್ರಶ್ನೆಗೆ ತೋಟದವರು ಸಿಟ್ಟಾದರು, ಅವರಿಗೂ ಕಾರಣವಿತ್ತು. ಎಲೆಚುಕ್ಕೆ ರೋಗ ಬಂದು ಅಡಿಕೆ ಇಳುವರಿ ಕುಸಿದಿದೆ, ಕೊಳೆರೋಗಕ್ಕೆ ಬೋರ್ಡೋ ಹೊಡೆಸಲು ಮರ ಹತ್ತುವವರು ಸಿಗುವುದಿಲ್ಲ, ಕಳೆ ಸವರಲು ಆಳು ಸಿಕ್ಕರೂ ಕೂಲಿ ಕೈಗೆಟುಕುವುದಿಲ್ಲ. ಒಂದು ಕ್ಯಾನ್ ಔಷಧಿ ಒಂದು ವಾರದ ಕೂಲಿ ಉಳಿಸುತ್ತದೆ. ಅದನ್ನು ಪಾಪವೆಂದು ಬರೆದವರಿಗೆ ತೋಟವಿದೆಯೇ ಎಂದು ಒಬ್ಬರು ಕೇಳಿಯೇ ಬಿಟ್ಟರು. ಫಾದರ್ ಪ್ರಶ್ನೆ ತೆಗೆಯಲಿಲ್ಲ, 'ಹಳ್ಳದ ದಂಡೆ' ಎಂಬ ಮಾತಿಗೆ ಗೆರೆ ಎಳೆದರು: ದಂಡೆಯಿಂದ ಹತ್ತು ಅಡಿಯಾದರೂ ಬಿಡಿ, ಅಷ್ಟನ್ನು ಕತ್ತಿಯಲ್ಲಿ ಸವರಿ. ಕೆಲವರು ಬಿಟ್ಟಿದ್ದಾರೆ. ಎಲ್ಲರೂ ಅಲ್ಲ.

ತಮ್ಮ ಮೇಲೆ ಹಾಕಿದ ಪ್ರಶ್ನೆಯನ್ನು ತೋಟದವರು ಇಗರ್ಜಿಯ ಮೇಲೆಯೇ ತಿರುಗಿಸಿದರು, ಅದೂ ನ್ಯಾಯವಾಗಿಯೇ. ನವೆಂಬರ್ 2, ಸಕಲ ಮೃತರ ದಿನ. ಅದಕ್ಕೆ ಮುಂಚೆ ಸಮಾಧಿಭೂಮಿಯಲ್ಲಿ ಮಳೆಗಾಲದ ಹುಲ್ಲು ತೆಗೆಯಬೇಕು. ಹಿಂದೆ ಮನೆಗೊಬ್ಬರು ಬಂದು ಒಂದು ದಿನ ಕೂತು ಕೀಳುತ್ತಿದ್ದರು. ಈಚಿನ ವರ್ಷಗಳಲ್ಲಿ ಮಂಡಳಿಯೇ ಔಷಧಿ ತರಿಸಿ ಹೊಡೆಸುತ್ತಿತ್ತು. ಸಮಾಧಿಭೂಮಿಯ ಕೆಳಗೇ ಅದೇ ಹಳ್ಳ. ನಮ್ಮ ತೋಟಕ್ಕೆ ಬೇಡ, ನಿಮ್ಮ ಸಮಾಧಿಗೆ ಬೇಕೇ ಎಂದಾಗ ಮಂಡಳಿಯವರಿಗೆ ಉತ್ತರವಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಔಷಧಿ ನಿಂತಿತು. ಹಳೆಯ ಭಾಗದಲ್ಲಿ ಮೊದಲಿನಂತೆ ಕೈಯಲ್ಲಿ ಕಿತ್ತರು. ಆದರೆ ಮಕ್ಕಳೆಲ್ಲ ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಇರುವ ಮನೆಗಳ ಸಮಾಧಿಗಳು ಸೊಂಟದೆತ್ತರದ ಹುಲ್ಲಿನಲ್ಲಿ ಮುಳುಗಿದವು. ಹಬ್ಬಕ್ಕೆ ಬಂದ ಒಬ್ಬ ಮಗ ತಾಯಿಯ ಸಮಾಧಿ ಹುಡುಕಲು ಪಟ್ಟ ಪಾಡು ನೋಡಿ ಎಲ್ಲರಿಗೂ ನಾಚಿಕೆಯಾಯಿತಂತೆ.

2025ರಲ್ಲಿ ಮಳೆ ಮೇ ಕೊನೆಯ ವಾರವೇ ಹಿಡಿಯಿತು. ಪೆಂತೆಕೋಸ್ತ್ ಜೂನ್ 8ಕ್ಕೆ ಬರುವ ಮುಂಚೆಯೇ ಕೊಡದ ಕೆಲಸ ಮುಗಿದಿತ್ತು. ಆ ಮಳೆಗಾಲದಲ್ಲೇ ಫಾದರಿಗೆ ವರ್ಗವಾಯಿತು. ಹೊಸಬರು ದಿಬ್ಬದ ವಿಷಯದಲ್ಲಿ ಉತ್ಸಾಹಿಗಳೂ ಅಲ್ಲ, ವಿರೋಧಿಗಳೂ ಅಲ್ಲ. ಯಾವ ನಿಲುಗಡೆ ಯಾವ ವಾರ್ಡಿನದ್ದು, ಯಾವ ಗಿಡ ಯಾವ ವರ್ಷದ್ದು ಎಂಬ ನೋಟ್‌ಬುಕ್ ಈಗ ಬಾಯಮ್ಮನ ಸೊಸೆಯ ಹತ್ತಿರ ಇದೆ. ಉಳಿದ ಗಿಡಗಳ ಲೆಕ್ಕವನ್ನು ಪೂಜೆಯಲ್ಲಿ ಓದುವ ಹಾಗಿಲ್ಲ ಎಂದು ಹಿಂದಿನ ಫಾದರ್ ಹಾಕಿದ್ದ ನಿಯಮ ಹಾಗೇ ಇದೆ. ವಾರ್ಡು ವಾರ್ಡುಗಳ ನಡುವೆ ಪೈಪೋಟಿ ಹುಟ್ಟುತ್ತದೆಂದು ಅವರ ಅಂಜಿಕೆ. ಹಾಗಾಗಿ ನಾನೂ ಇಲ್ಲಿ ಅಂಕಿ ಕೊಡುತ್ತಿಲ್ಲ. ದಿಬ್ಬ ಕಾಡಾಗಿಲ್ಲ, ಬೋಳಾಗಿಯೂ ಇಲ್ಲ.

2025ರ ಅಕ್ಟೋಬರಿನ ಸಭೆಯಲ್ಲಿ ಹುಲ್ಲು ಹೊಡೆಯುವ ಮಷೀನು ಕೊಳ್ಳುವುದೆಂದು ತೀರ್ಮಾನವಾಯಿತು. ಪರ ಊರಿನಲ್ಲಿರುವವರ ಸಮಾಧಿಗಳಿಗೂ ಅದನ್ನೇ ಓಡಿಸಬೇಕು. ಪೆಟ್ರೋಲಿನ ಖರ್ಚು ಆ ಕುಟುಂಬಗಳಿಂದ ವಸೂಲಿ ಮಾಡುವುದೋ, ಇಗರ್ಜಿಯ ಹುಂಡಿಯಿಂದ ಕೊಡುವುದೋ ಎಂಬಲ್ಲಿ ಮಾತು ಎರಡು ಪಾಲಾಗಿ, ಮುಂದಿನ ಸಭೆಗೆ ಹೋಯಿತು. ನವೆಂಬರ್ 2ಕ್ಕೆ ಯುವಕರು ಬಾಡಿಗೆ ಮಷೀನಿನಲ್ಲಿ ಹೊಡೆದು ಮುಗಿಸಿದರು.